ಗಾಯಕನ ಗಡಿಯಾರ

ಬಲಗೈ ತೊಡೆಯ ಮೇಲೆ ಬೀಳುತ್ತಿರುತ್ತದೆ. ಆದಿತಾಳದ ಎಂಟು ಅಕ್ಷರಗಳು ಒಂದರ ಹಿಂದೊಂದು ಸರಿಯುತ್ತಿರುತ್ತವೆ. ಸ್ವರಕಲ್ಪನೆಯಲ್ಲಿ ಗಾಯಕನು ಎಷ್ಟು ದೂರ ವಿಹರಿಸಿದರೂ ಎಡುಪಿನ ಸ್ಥಾನಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದು ಸೇರುತ್ತಾನೆ. ಅರ್ಧ ಅಕ್ಷರ ಹಿಂದುಮುಂದಾದರೂ ಸಾಕು, ಸಭೆಯ ಕೊನೆಯ ಸಾಲಿನಲ್ಲಿ ಕುಳಿತ ವೃದ್ಧ ರಸಿಕರು ಕತ್ತೆತ್ತಿ ನೋಡುತ್ತಾರೆ. ಕಾಲವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುವ ವೃತ್ತಿಗಳು ಲೋಕದಲ್ಲಿ ವಿರಳವೆಂದೇ ಹೇಳಬೇಕು. ಆದರೆ ಇದೇ ಗಾಯಕನು ಆ ಸಂಜೆ ಸಭಾಂಗಣಕ್ಕೆ ಮುಕ್ಕಾಲು ಗಂಟೆ ತಡವಾಗಿ ಬಂದಿರಬಹುದು. ಒಂದೇ ದಿನ ಎರಡು ಊರುಗಳ ಸಭೆಗಳಿಗೆ ಮಾತು ಕೊಟ್ಟು ಪೇಚಿಗೆ ಸಿಕ್ಕಿರಬಹುದು. ಮಗಳ ಶಾಲೆಯ ಶುಲ್ಕ ಕಟ್ಟುವ ಕೊನೆಯ ದಿನವನ್ನು ಮರೆತಿರಬಹುದು. ತಾಳದಲ್ಲಿ ಕಾಲವನ್ನು ಗೆದ್ದವನು ದಿನಚರಿಯಲ್ಲಿ ಅದೇ ಕಾಲಕ್ಕೆ ಸೋಲುವುದನ್ನು ಕಂಡು ಮನೆಯವರು ನಗುವುದೂ ಉಂಟು, ನಿಟ್ಟುಸಿರು ಬಿಡುವುದೂ ಉಂಟು.

ಕಲಾವಿದನಿಗೂ ಗಡಿಯಾರಕ್ಕೂ ಎಣ್ಣೆ ಸೀಗೇಕಾಯಿಯ ಸಂಬಂಧವೆಂಬ ನಂಬಿಕೆ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಸ್ಫೂರ್ತಿ ಬಂದಾಗ ಹಾಡುವವನು, ಬಾರದಿದ್ದಾಗ ವೀಳ್ಯ ಮೆಲ್ಲುತ್ತ ಕುಳಿತಿರುವವನು ಎಂಬುದು ಆತನ ಕಲ್ಪಿತ ಚಿತ್ರ. ಆಸ್ಥಾನಗಳಿದ್ದ ಕಾಲದಲ್ಲಿಯೂ ಈ ಚಿತ್ರ ಪೂರ್ತಿಯಾಗಿ ನಿಜವಾಗಿರಲಿಲ್ಲ. ಈಗಂತೂ ಅದರಲ್ಲಿ ಹುರುಳಿಲ್ಲ. ಸಂಗೀತವನ್ನೇ ಜೀವನೋಪಾಯವಾಗಿ ಹಿಡಿದವನ ದಿನ ಕಚೇರಿಗೆ ಹೋಗುವ ಗುಮಾಸ್ತನ ದಿನಕ್ಕಿಂತ ತೊಡಕಾದುದು. ಗುಮಾಸ್ತನಿಗೆ ಹತ್ತು ಗಂಟೆಯ ಹಾಜರಿ ಪುಸ್ತಕವಿದೆ, ಐದು ಗಂಟೆಯ ಬಿಡುಗಡೆಯಿದೆ, ಭಾನುವಾರವಿದೆ. ಸಂಗೀತಗಾರನಿಗಾದರೋ ಲೋಕದ ವಿರಾಮವೇ ದುಡಿಮೆಯ ವೇಳೆ. ಜನ ಸಂಜೆ ಮನೆಗೆ ಮರಳುವಾಗ ಅವನು ಮನೆ ಬಿಡಬೇಕು. ಜನಕ್ಕೆ ದಸರೆಯ ರಜೆಯಾದರೆ ಅವನಿಗೆ ಬಿಡುವಿಲ್ಲದ ಹತ್ತು ದಿನ. ಮದುವೆಯ ಮನೆಯಲ್ಲಿ ನಂಟರು ಊಟಕ್ಕೆ ಕುಳಿತಾಗ ಅವನು ವಾದ್ಯದೊಡನೆ ಕುಳಿತಿರಬೇಕು.

ಇದಕ್ಕಿಂತಲೂ ದೊಡ್ಡದಾದ ತೊಡಕು ಇನ್ನೊಂದಿದೆ. ಪಾಠ ತಪ್ಪಿದರೆ ಶಿಷ್ಯೆಯ ತಾಯಿ ಕೇಳುತ್ತಾಳೆ. ಕಛೇರಿ ತಪ್ಪಿದರೆ ಸಭೆಯ ಕಾರ್ಯದರ್ಶಿ ಕೇಳುತ್ತಾನೆ. ಬಾಡಿಗೆ ತಪ್ಪಿದರೆ ಮನೆಯ ಮಾಲೀಕ ಕೇಳುತ್ತಾನೆ. ಸಾಧನೆ ತಪ್ಪಿದರೆ ಮಾತ್ರ ಕೇಳುವವರು ಒಬ್ಬರೂ ಇಲ್ಲ. ಅವನನ್ನು ಸಂಗೀತಗಾರನನ್ನಾಗಿ ಮಾಡಿದ, ಮುಂದೆಯೂ ಸಂಗೀತಗಾರನನ್ನಾಗಿ ಉಳಿಸಬೇಕಾದ ಕೆಲಸ ಅದೊಂದೇ. ಕೇಳುವವರಿಲ್ಲದ ಕೆಲಸವೇ ಮೊದಲು ಸೊರಗುತ್ತದೆ. ಒಂದು ದಿನ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಒಂದು ತಿಂಗಳು ಬಿಟ್ಟರೆ ಅವನಿಗೆ ತಿಳಿಯುತ್ತದೆ. ಎರಡು ವರ್ಷ ಬಿಟ್ಟ ಮೇಲೆ ಸಭೆಗೆ ತಿಳಿಯುತ್ತದೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

*

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೋಗುವ ರೈಲುಹಾದಿಯಲ್ಲಿ ಕುಂದಗೋಳವೆಂಬ ಪುಟ್ಟ ಊರಿದೆ. ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ, ರಂಗಭೂಮಿಯಲ್ಲಿ ಅಪಾರ ಕೀರ್ತಿಯನ್ನು ಗಳಿಸಿದ ರಾಮಭಾವು ಕುಂದಗೋಳಕರರು, ಎಂದರೆ ಸವಾಯಿ ಗಂಧರ್ವರು (೧೮೮೬–೧೯೫೨), ನಾಟಕದ ಸಂಚಾರವನ್ನು ಬಿಟ್ಟು ೧೯೩೦ರ ದಶಕದ ಉತ್ತರಾರ್ಧದಲ್ಲಿ ಈ ತಮ್ಮ ಊರಿಗೆ ಬಂದು ನೆಲೆಸಿದರು. ಅವರ ಬಳಿ ಕಲಿಯಲು ಬಂದವರಲ್ಲಿ ಮನೆ ಬಿಟ್ಟು ಬಂದ ಗದಗಿನ ಹುಡುಗ ಭೀಮಸೇನ ಜೋಶಿ ಒಬ್ಬನು. ಮುಂಬಯಿಯ ಫಿರೋಜ್ ದಸ್ತೂರ್ ಮತ್ತೊಬ್ಬರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು, ಪಾಠ ಹೇಳಿಸಿಕೊಂಡು, ಮತ್ತೆ ರೈಲಿನಲ್ಲಿಯೇ ಮನೆಗೆ ಮರಳುತ್ತಿದ್ದ ಶಿಷ್ಯೆ ಗಂಗೂಬಾಯಿ ಹಾನಗಲ್.

ಗಂಗೂಬಾಯಿಯವರು ಹುಟ್ಟಿದುದು ೧೯೧೩ರ ಮಾರ್ಚ್ ೫ರಂದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹದಿನಾರನೆಯ ವಯಸ್ಸಿಗೆ ಮದುವೆಯಾಗಿ, ಕುಂದಗೋಳದ ಪಾಠ ನಿಯಮವಾಗಿ ನಡೆಯುವ ಹೊತ್ತಿಗೆ ಅವರು ಮೂವರು ಮಕ್ಕಳ ತಾಯಿ. ಸಂಸಾರದ ಹೊಣೆಯ ಬಹುಭಾಗ ಅವರ ಹಾಡಿಕೆಯ ಮೇಲೆಯೇ ನಿಂತಿತ್ತು. ಗುರುವಿನ ಮನೆಯಲ್ಲಿಯೇ ಉಳಿದು ನೀರು ಹೊತ್ತು, ಸೇವೆ ಮಾಡಿ, ಹೊತ್ತುಗೊತ್ತಿಲ್ಲದೆ ಸ್ವರ ಕೇಳುವ ಗುರುಕುಲದ ಭಾಗ್ಯ ಭೀಮಸೇನನಂತಹ ಹುಡುಗನಿಗೆ ಇದ್ದಿರಬಹುದು. ಸಂಸಾರಸ್ಥೆಯಾದ ಹೆಣ್ಣುಮಗಳಿಗೆ ಅದು ಸಾಧ್ಯವಿರಲಿಲ್ಲ. ಆಕೆಗೆ ದೊರೆತದ್ದು ಎರಡು ರೈಲುಗಳ ನಡುವಣ ಅವಧಿ.

ಆ ಅವಧಿಯಲ್ಲಿ ಗುರುಗಳು ಮಾಡಿದುದೇನು? ಹತ್ತಾರು ಚೀಜುಗಳನ್ನು ಬೇಗಬೇಗನೆ ಬಾಯಿಪಾಠ ಮಾಡಿಸಲಿಲ್ಲ. ಕೆಲವೇ ರಾಗಗಳನ್ನು ಹಿಡಿದು, ಒಂದೊಂದು ಸ್ವರಪುಂಜವನ್ನು ಮತ್ತೆಮತ್ತೆ ಹಾಡಿಸಿ ತಿದ್ದಿದರು. ಲೋಭಿಯು ಗಂಟಿನಿಂದ ಹಣ ತೆಗೆಯುವಂತೆ ಸ್ವರಗಳನ್ನು ಎಣಿಸಿ ಎಣಿಸಿ ಬಳಸಬೇಕೆಂದು ಗುರುಗಳು ಕಲಿಸಿದರೆಂಬುದನ್ನು ಗಂಗೂಬಾಯಿಯವರು ತಮ್ಮ ಇಳಿವಯಸ್ಸಿನವರೆಗೂ ಸ್ಮರಿಸಿಕೊಳ್ಳುತ್ತಿದ್ದರು. ಇರುವುದನ್ನೆಲ್ಲ ಒಮ್ಮೆಗೇ ಚೆಲ್ಲಿಬಿಟ್ಟರೆ ರಾಗದಲ್ಲಿ ಮುಂದೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ.

ಇಲ್ಲಿ ವಾಚಕರು ಒಂದು ವಿಚಿತ್ರವನ್ನು ಗಮನಿಸಬೇಕು. ಕಿರಾಣಾ ಘರಾಣೆಯ ಗಾಯನವೆಂದರೆ ಅವಸರವನ್ನೇ ಅರಿಯದ ಗಾಯನ. ವಿಲಂಬಿತ ಲಯದ ಖ್ಯಾಲಿನಲ್ಲಿ ಷಡ್ಜದ ಬಳಿ ನಿಂತು, ಕೆಳಗಿನ ನಿಷಾದವನ್ನು ಮುಟ್ಟಿ ಬಂದು, ಗಾಂಧಾರಕ್ಕೆ ಹೋಗುವುದಕ್ಕೆ ಹಲವು ಆವರ್ತಗಳನ್ನೇ ತೆಗೆದುಕೊಳ್ಳುವ ಶೈಲಿ ಅದು. ಅಂತಹ ಶೈಲಿಯನ್ನು ತಮ್ಮದಾಗಿಸಿಕೊಂಡು, ಕೇಳುಗರು ಹೊತ್ತನ್ನು ಮರೆಯುವಂತೆ ಹಾಡಿದ ಗಾಯಕಿ ತಾನು ಕಲಿತದ್ದು ರೈಲಿನ ವೇಳಾಪಟ್ಟಿಗೆ ಕಟ್ಟುಬಿದ್ದು! ರೈಲು ಯಾರಿಗಾಗಿಯೂ ನಿಲ್ಲುವುದಿಲ್ಲ. ತಪ್ಪಿದರೆ ಆ ದಿನದ ಪಾಠವೂ ತಪ್ಪಿದಂತೆ. ಹೊರಗಿನ ಕಾಲವನ್ನು ಅಷ್ಟು ಬಿಗಿಯಾಗಿ ಹಿಡಿದುದರಿಂದಲೇ ಒಳಗಿನ ಕಾಲ ಅಷ್ಟು ಸಾವಧಾನವಾಗಿ ಹರಿಯಲು ಎಡೆ ದೊರೆಯಿತೆಂದರೆ ತಪ್ಪಾಗಲಾರದು.

ಸಂಗೀತಗಾರನ ಸಮಯಪಾಲನೆಯ ಮರ್ಮವೆಲ್ಲ ಇಷ್ಟೇ. ವ್ಯಾಪಾರಿಯು ಸಮಯವನ್ನು ಉಳಿಸುವುದು ಇನ್ನೊಂದು ವ್ಯವಹಾರವನ್ನು ಅದರೊಳಗೆ ತುರುಕುವುದಕ್ಕೆ. ಗಾಯಕನು ಸಮಯವನ್ನು ಉಳಿಸುವುದು ತಂಬೂರಿಯ ಮುಂದೆ ಕುಳಿತಾಗ ಗಡಿಯಾರದ ಕಡೆ ನೋಡದೆ ಇರುವುದಕ್ಕೆ. ಮೊದಲನೆಯ ಲೋಭವಿಲ್ಲದೆ ಎರಡನೆಯ ಔದಾರ್ಯ ಸಿದ್ಧಿಸುವುದಿಲ್ಲ.

*

ಈ ಮಾತನ್ನು ಇಂದಿನ ಬೆಂಗಳೂರಿನ ಒಂದು ಮನೆಗೆ ತಂದು ನೋಡಬಹುದು. ನಲವತ್ತರ ಹತ್ತಿರದ ಒಬ್ಬ ಗಾಯಕನನ್ನು ಊಹಿಸಿಕೊಳ್ಳೋಣ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಕಛೇರಿಗಳ ಸಂಭಾವನೆಯಿಂದ ಮಾತ್ರವೇ ಮನೆ ನಡೆಯುವುದಿಲ್ಲ, ಪಾಠ ಹೇಳಲೇಬೇಕು. ಶಿಷ್ಯರಲ್ಲಿ ಕೆಲವರು ಪಕ್ಕದ ಬೀದಿಯವರು, ಕೆಲವರು ಅಮೆರಿಕದಲ್ಲಿರುವ ಕನ್ನಡಿಗರ, ತಮಿಳರ, ತೆಲುಗರ ಮಕ್ಕಳು. ಅಂತರಜಾಲದ ಕೃಪೆಯಿಂದ ಕ್ಯಾಲಿಫೋರ್ನಿಯದ ಹುಡುಗಿ ಬೆಂಗಳೂರಿನ ಗುರುವಿನ ಮುಂದೆ ಕುಳಿತು ಸರಳೆ ಹೇಳುತ್ತಾಳೆ. ಅಲ್ಲಿ ಸಂಜೆ ಐದೂವರೆಯೆಂದರೆ ಬೇಸಗೆಯ ತಿಂಗಳುಗಳಲ್ಲಿ ಇಲ್ಲಿ ಮಾರನೆಯ ದಿನದ ಬೆಳಗ್ಗೆ ಆರು. ನವೆಂಬರಿನಲ್ಲಿ ಅಲ್ಲಿಯವರು ತಮ್ಮ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ ಇಲ್ಲಿಯ ಪಾಠದ ವೇಳೆಯೂ ಒಂದು ಗಂಟೆ ಸರಿಯುತ್ತದೆ. ಮಾರ್ಚ್ ತಿಂಗಳಲ್ಲಿ ಮತ್ತೆ ಮೊದಲಿನ ವೇಳೆ. ಈ ಬದಲಾವಣೆಯನ್ನು ಬರೆದಿಟ್ಟುಕೊಳ್ಳದ ಗುರು ಒಂದು ಮುಂಜಾನೆ ಖಾಲಿ ತೆರೆಯ ಮುಂದೆ ಕುಳಿತಿರುತ್ತಾನೆ, ಇಲ್ಲವೇ ಶಿಷ್ಯೆಯನ್ನು ಕಾಯಿಸುತ್ತಾನೆ.

ಆದರೆ ಗಡಿಯಾರದ ಈ ಗೊಂದಲ ಸಣ್ಣದು. ಮುಖ್ಯವಾದುದು ಬೇರೆ. ಬೆಳಗಿನ ಐದರಿಂದ ಏಳರವರೆಗಿನ ವೇಳೆ ಗುರುಹಿರಿಯರು ಸಾಧನೆಗೆಂದು ಮೀಸಲಿಟ್ಟ ವೇಳೆ. ಊರು ಇನ್ನೂ ಎದ್ದಿರುವುದಿಲ್ಲ. ಗಂಟಲು ಮಂದ್ರಸ್ಥಾಯಿಗೆ ಸುಲಭವಾಗಿ ಇಳಿಯುತ್ತದೆ. ಮನಸ್ಸಿನ ಹಲಗೆಯ ಮೇಲೆ ಆ ದಿನದ ಲೆಕ್ಕಾಚಾರ ಇನ್ನೂ ಬಿದ್ದಿರುವುದಿಲ್ಲ. ಸಮುದ್ರದಾಚೆಯ ಶಿಷ್ಯರಿಗೆ ಬೇಕಾಗುವುದೂ ಆ ವೇಳೆಯೇ. ಹಣ ಕೊಡುವವರು ಕೇಳುತ್ತಾರೆ, ಮನೆಯ ಖರ್ಚು ಒತ್ತುತ್ತದೆ, ಗಾಯಕ ಒಪ್ಪಿಕೊಳ್ಳುತ್ತಾನೆ. ಮೊದಲು ವಾರಕ್ಕೆ ಎರಡು ದಿನ, ಆಮೇಲೆ ನಾಲ್ಕು, ಕೊನೆಗೆ ಆರು. ತನ್ನ ಮುಂಜಾನೆಯನ್ನು ತಾನು ಮಾರಿಬಿಟ್ಟೆನೆಂಬುದು ಅವನಿಗೆ ಹೊಳೆಯುವುದು, ಒಂದು ಸಭೆಯಲ್ಲಿ ತೋಡಿಯ ಆಲಾಪನೆಗೆ ಕುಳಿತಾಗ ಮೂರು ವರ್ಷದ ಹಿಂದೆ ಹಾಡಿದ ಸಂಗತಿಗಳೇ ಬಾಯಿಗೆ ಬಂದು, ಹೊಸದೊಂದೂ ಬಾರದಿದ್ದಾಗ.

ಅವನನ್ನು ದೂಷಿಸುವುದು ಸುಲಭ. ಅವನ ತಾಯಿಯ ಔಷಧಿಯ ಚೀಟಿಯನ್ನು ನೋಡಿದವರು ದೂಷಿಸಲಾರರು. ದುಡಿಮೆಯನ್ನು ಬಿಟ್ಟು ಸಾಧನೆ ಮಾಡೆಂದು ಹೇಳುವುದು ವಿವೇಕವಲ್ಲ. ವಿವೇಕವಾದುದು ಇಷ್ಟು: ವಾರದ ಪಾಠಗಳನ್ನು ಹಂಚುವ ಮೊದಲೇ ಸಾಧನೆಯ ವೇಳೆಯನ್ನು ಹಾಳೆಯ ಮೇಲೆ ಬರೆದುಬಿಡಬೇಕು. ಬರೆದುದನ್ನು ಕಛೇರಿಯಷ್ಟೇ ಗೌರವದಿಂದ ಕಾಣಬೇಕು. ಸಭೆಯ ಕಾರ್ಯದರ್ಶಿಗೆ ಕೊಟ್ಟ ಮಾತನ್ನು ಮುರಿಯದವನು ತಂಬೂರಿಗೆ ಕೊಟ್ಟ ಮಾತನ್ನು ಮಾತ್ರ ಏಕೆ ಮುರಿಯಬೇಕು? ಆರು ಮುಂಜಾನೆಗಳಲ್ಲಿ ಮೂರನ್ನು ಕೊಟ್ಟು ಮೂರನ್ನು ಉಳಿಸಿಕೊಂಡರೂ ಆಗಬಹುದು. ಆರನ್ನೂ ಕೊಟ್ಟವನು ಶಿಷ್ಯರಿಗೆ ಹೇಳಿಕೊಡಬೇಕಾದ ಬಂಡವಾಳವನ್ನೇ ಕರಗಿಸುತ್ತಿದ್ದಾನೆ.

ಸಾಧನೆಯ ವೇಳೆ ಉದ್ದವಾಗಿರಬೇಕೆಂಬ ನಿಯಮವೇನೂ ಇಲ್ಲ. ಇದಕ್ಕೆ ದೂರದೇಶದ ಸಾಕ್ಷ್ಯವೊಂದಿದೆ. ಆಂಡರ್ಸ್ ಎರಿಕ್‌ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು ಬರ್ಲಿನ್ನಿನ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳ ದಿನಚರಿಯನ್ನು ಬರೆಸಿ, ಪರಿಶೀಲಿಸಿ, ೧೯೯೩ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅತ್ಯುತ್ತಮರೆನಿಸಿದ ವಿದ್ಯಾರ್ಥಿಗಳು ಏಕಾಂತದಲ್ಲಿ ಅಭ್ಯಾಸ ಮಾಡುತ್ತಿದ್ದುದು ದಿನಕ್ಕೆ ಸರಾಸರಿ ಮೂರೂವರೆ ಗಂಟೆ. ಅದರ ಹೆಚ್ಚು ಭಾಗ ಮಧ್ಯಾಹ್ನಕ್ಕೆ ಮುಂಚೆ. ಒಂದು ಬಾರಿ ಕುಳಿತರೆ ಸುಮಾರು ಎಂಬತ್ತು ನಿಮಿಷ, ಅನಂತರ ವಿಶ್ರಾಂತಿ. ಅವರು ಹಗಲಿನಲ್ಲಿ ಒಂದಿಷ್ಟು ನಿದ್ದೆಯನ್ನೂ ಮಾಡುತ್ತಿದ್ದರು. ರಾತ್ರಿಯೆಲ್ಲ ಸಾಧನೆ ಮಾಡಿದ ಉಸ್ತಾದರ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಲೆಕ್ಕ ಸಪ್ಪೆಯಾಗಿ ತೋರಬಹುದು. ಆದರೆ ಸಂಸಾರಸ್ಥನಾದ ಕಲಾವಿದನಿಗೆ ಇದರಲ್ಲಿ ಧೈರ್ಯವಿದೆ. ಅರೆನಿದ್ದೆಯಲ್ಲಿ ಕಳೆದ ನಾಲ್ಕು ಗಂಟೆಗಿಂತ ಎಚ್ಚರದಿಂದ ಕಳೆದ ಒಂದೂಕಾಲು ಗಂಟೆ ಮೇಲು. ಅಷ್ಟನ್ನು ಕಾಪಾಡಿಕೊಳ್ಳುವುದು ಯಾವ ಮನೆಯಲ್ಲಿಯೂ ಅಸಾಧ್ಯವಲ್ಲ.

*

ದಿನದ ವ್ಯವಸ್ಥೆಯಂತೆಯೇ ವರ್ಷದ ವ್ಯವಸ್ಥೆಯೂ ಸಂಗೀತಗಾರನಿಗೆ ಅವಶ್ಯಕ. ಅವನ ವರ್ಷದಲ್ಲಿ ಹನ್ನೆರಡು ತಿಂಗಳು ಸಮನಾಗಿರುವುದಿಲ್ಲ. ಚೈತ್ರದಲ್ಲಿ ರಾಮನವಮಿ ಬಂದರೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ೧೯೩೯ರಿಂದ ನಡೆದುಬಂದಿರುವ ಶ್ರೀ ರಾಮಸೇವಾ ಮಂಡಲಿಯ ಉತ್ಸವದಿಂದ ಹಿಡಿದು ಬೀದಿಬೀದಿಯ ಪೆಂಡಾಲುಗಳವರೆಗೆ ಸಂಗೀತವೇ ಸಂಗೀತ. ಶರದೃತುವಿನಲ್ಲಿ ಮೈಸೂರಿನ ದಸರೆ. ಡಿಸೆಂಬರಿನಲ್ಲಿ ಚೆನ್ನೈಯ ಸಂಗೀತೋತ್ಸವ. ಅಲ್ಲಿ ಒಬ್ಬನೇ ಪಕ್ಕವಾದ್ಯಗಾರನು ಒಂದೇ ದಿನ ಎರಡು ಸಭೆಗಳಿಗೆ ಓಡುವುದೂ ಉಂಟು. ಇವುಗಳ ನಡುವೆ ಸಂಭಾವನೆಯ ಸದ್ದೇ ಇಲ್ಲದ ತಿಂಗಳುಗಳು.

ಈ ಏರಿಳಿತವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನಾದಸ್ವರ ಮತ್ತು ಡೋಲಿನ ಕಲಾವಿದರು, ನಮ್ಮ ಓಲಗದವರು. ಮದುವೆಯ ಮನೆಯಲ್ಲಿ ಅವರಷ್ಟು ನಿಮಿಷಕ್ಕೆ ಕಟ್ಟುಬಿದ್ದವರು ಇನ್ನೊಬ್ಬರಿಲ್ಲ. ಪುರೋಹಿತರ ಕೈ ಮೇಲೆ ಹೋದ ಕ್ಷಣವೇ ಗಟ್ಟಿಮೇಳ ಮೊಳಗಬೇಕು. ಮಾಂಗಲ್ಯಧಾರಣೆಗೆ ಅರ್ಧ ನಿಮಿಷ ಹಿಂದಾದರೂ ಆಕ್ಷೇಪಣೆ, ಮುಂದಾದರೂ ಆಕ್ಷೇಪಣೆ. ಮಾಘ, ಫಾಲ್ಗುಣ, ವೈಶಾಖ ಮಾಸಗಳಲ್ಲಿ ಬಿಡುವಿಲ್ಲದೆ ಒಂದು ಛತ್ರದಿಂದ ಇನ್ನೊಂದು ಛತ್ರಕ್ಕೆ ಓಡುವ ಇದೇ ಕಲಾವಿದರಿಗೆ ಆಷಾಢದಲ್ಲಿ ಮದುವೆಗಳಿಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿಯೂ ಇಲ್ಲ. ತಲೆಮಾರುಗಳಿಂದ ಈ ವೃತ್ತಿಯಲ್ಲಿರುವ ಮನೆಗಳಲ್ಲಿ ವೈಶಾಖದ ಹಣವನ್ನು ಆಷಾಢಕ್ಕೆ ಎತ್ತಿಡುವುದು ಹೆಂಗಸರಿಂದ ಹೆಂಗಸರಿಗೆ ಬಂದ ವಿದ್ಯೆ. ಅಷ್ಟೇ ಅಲ್ಲ, ವಾದ್ಯವನ್ನು ಸರಿಪಡಿಸುವುದು, ಹೊಸ ಕೀರ್ತನೆ ಕಲಿಯುವುದು, ಮಕ್ಕಳಿಗೆ ಸರಳೆ ಜಂಟಿ ಹೇಳಿಕೊಡುವುದು ಇವೆಲ್ಲಕ್ಕೂ ಆಷಾಢವೇ ಸುಗ್ಗಿ. ಬರಿದಾದ ತಿಂಗಳನ್ನು ಶಾಪವೆಂದು ಎಣಿಸದೆ ಪಾಠದ ತಿಂಗಳೆಂದು ಎಣಿಸಿದರೆ ಸಭಾಗಾಯಕನೂ ಅವರಿಂದ ಕಲಿಯುವುದಿದೆ.

ಇನ್ನು ಲೆಕ್ಕದ ಪುಸ್ತಕ. ಪಕ್ಕವಾದ್ಯಗಾರನ ದಿನಚರಿ ಪುಸ್ತಕದಲ್ಲಿ ತಾರೀಖು, ಊರು, ವೇಳೆ ಇವಿಷ್ಟೇ ಇದ್ದರೆ ಸಾಲದು. ಮೃದಂಗದವನು ಹಾಡುವವರು ಯಾರು, ಅವರ ಶ್ರುತಿ ಯಾವುದು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಗಂಡಸರ ಶ್ರುತಿಗೆ ಸಾಮಾನ್ಯವಾಗಿ ತಗ್ಗು ಶ್ರುತಿಯ ಮೃದಂಗ, ಹೆಂಗಸರ ಶ್ರುತಿಗೆ ಹೆಚ್ಚು ಶ್ರುತಿಯ ಮೃದಂಗ. ಒಂದನ್ನು ಇನ್ನೊಂದರ ಸ್ಥಾನಕ್ಕೆ ಬಡಿದು ಏರಿಸುವುದಾಗಲಿ ಇಳಿಸುವುದಾಗಲಿ ಒಂದು ಮಿತಿಯವರೆಗೆ ಮಾತ್ರ ಸಾಧ್ಯ. ತಪ್ಪು ಮೃದಂಗವನ್ನು ಹೊತ್ತು ಇನ್ನೂರು ಮೈಲಿ ಪ್ರಯಾಣ ಮಾಡಿದವನ ಅವಸ್ಥೆಯನ್ನು ವಿವರಿಸಬೇಕಾಗಿಲ್ಲ. ಸರಿಯಾದ ವಾದ್ಯವಿದ್ದರೂ ವೇದಿಕೆಗೆ ಬಂದ ತತ್‌ಕ್ಷಣ ನುಡಿಸಲಾಗುವುದಿಲ್ಲ. ಎಡಗಡೆಯ ಚರ್ಮಕ್ಕೆ ರವೆಯನ್ನು ಕಲಸಿ ಹದವಾಗಿ ಮೆತ್ತಬೇಕು. ಮಳೆಗಾಲದ ತೇವಕ್ಕೆ ಸಡಿಲಿದ ಚರ್ಮ ಸಭಾಂಗಣದ ಬಿಸಿಗೆ ಹೊಂದಿಕೊಳ್ಳಬೇಕು. ಬಲಗಡೆಯ ಶ್ರುತಿಯನ್ನು ಸುತ್ತಲೂ ಸಮಮಾಡಬೇಕು. ತಂಬೂರಿಗೂ ಅಷ್ಟೆ, ತಂತಿಯ ಕೆಳಗಿನ ಜೀವದ ದಾರವನ್ನು ಸರಿಸಿ ಸರಿಸಿ ನಾದ ಅರಳುವ ಸ್ಥಾನವನ್ನು ಹುಡುಕಲು ತಾಳ್ಮೆ ಬೇಕು. ಆರು ಗಂಟೆಯ ಕಛೇರಿಗೆ ಐದು ಗಂಟೆಗೇ ಬರುವ ಕಲಾವಿದನಿಗೆ ಈ ಒಂದು ಗಂಟೆ ನಷ್ಟವಲ್ಲ, ಕಛೇರಿಯ ಮೊದಲ ಭಾಗವೇ ಸರಿ. ಅವಸರದಲ್ಲಿ ಸೇರಿಸಿದ ಶ್ರುತಿ ಮೂರನೆಯ ಕೃತಿಗೆ ಬಿಚ್ಚಿಕೊಳ್ಳುತ್ತದೆ. ಆಗ ನಿಲ್ಲಿಸಿ ಸರಿಮಾಡುವ ಹೊತ್ತಿಗೆ ಕೇಳುಗರು ಕಾಫಿಗೆ ಎದ್ದಿರುತ್ತಾರೆ.

*

ವೇದಿಕೆಯ ಮೇಲಿನ ಕಾಲವನ್ನು ಹಂಚುವುದೂ ಒಂದು ವಿದ್ಯೆಯೇ. ಕರ್ನಾಟಕ ಸಂಗೀತದ ಕಛೇರಿ ಇಂದು ಸಾಗುವ ಕ್ರಮವನ್ನು ರೂಢಿಗೆ ತಂದ ಕೀರ್ತಿ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರಿಗೆ (೧೮೯೦–೧೯೬೭) ಸಲ್ಲುತ್ತದೆ. ಹಿಂದೆ ಒಂದು ಪಲ್ಲವಿಯೇ ಗಂಟೆಗಟ್ಟಲೆ ನಡೆಯುತ್ತಿದ್ದ ಕಾಲವಿತ್ತು. ಅವರು ವರ್ಣದಿಂದ ಆರಂಭಿಸಿದರು. ಅದರಿಂದ ಗಂಟಲಿಗೂ ಬೆರಳಿಗೂ ಕಸುವು ಬಂದಿತು. ಅನಂತರ ಚುರುಕಾದ ಕೆಲವು ಕೃತಿಗಳು, ಬಳಿಕ ವಿಸ್ತಾರವಾದ ರಾಗ, ಪ್ರಧಾನ ಕೃತಿ, ತನಿ ಆವರ್ತನ, ಕೊನೆಗೆ ಪದ, ಜಾವಳಿ, ತಿಲ್ಲಾನಗಳಂತಹ ಲಘು ರಚನೆಗಳು, ಮಂಗಳ. ಈ ಕ್ರಮದಲ್ಲಿ ಪಂಡಿತನಿಗೂ ಪಾಲಿತ್ತು, ಪಾಮರನಿಗೂ ಪಾಲಿತ್ತು. ಪಕ್ಕವಾದ್ಯದವರಿಗೂ ತಮ್ಮ ಸರದಿ ಗೊತ್ತಿತ್ತು. ಎಲ್ಲಿ ಬೆಳೆಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಮೊದಲೇ ನಿಶ್ಚಯವಾಗಿದ್ದುದರಿಂದ ಬೆಳೆಸುವ ಸ್ಥಳದಲ್ಲಿ ಮನಸ್ಸು ಬಿಚ್ಚಿ ಬೆಳೆಸಲು ಸಾಧ್ಯವಾಯಿತು.

ಕೆಲವೊಮ್ಮೆ ಕಾಲದ ಕಟ್ಟನ್ನು ಹೊರಗಿನವರು ವಿಧಿಸುತ್ತಾರೆ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಾಫೋನಿಗೆ ಹಾಡಿದಾಗ ಆಕೆಗೆ ದೊರೆತ ಅವಧಿ ಸುಮಾರು ಮೂರು ನಿಮಿಷ. ರಾತ್ರಿಯೆಲ್ಲ ಹಾಡುವ ಮಹಫಿಲುಗಳಲ್ಲಿ ಬೆಳೆದ ಗಾಯಕಿ ಅಷ್ಟರಲ್ಲಿಯೇ ರಾಗದ ಮುಖವನ್ನು ತೋರಿಸಿ, ತಾನುಗಳನ್ನು ಹಾರಿಸಿ, ಕೊನೆಗೆ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಹಾಡಿನ ಕಾಲವನ್ನು ಅಷ್ಟು ಚೆನ್ನಾಗಿ ಆಳಿದ ಆಕೆ ಬದುಕಿನಲ್ಲಿ ಗಳಿಸಿದ ಐಶ್ವರ್ಯವನ್ನು ವ್ಯಾಜ್ಯಗಳಲ್ಲಿ ಕಳೆದುಕೊಂಡು, ೧೯೨೮ರಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಅದೇ ಊರಿನಲ್ಲಿ ತೀರಿಕೊಂಡಳು. ವೇದಿಕೆಯ ಮೇಲಿನ ಶಿಸ್ತು ವೇದಿಕೆಯ ಕೆಳಗಿನ ಬಾಳಿಗೆ ತಾನಾಗಿಯೇ ಇಳಿದುಬರುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಗ್ರಾಮಾಫೋನಿನ ಬಳಿಕ ರೇಡಿಯೋ ಬಂದಿತು. ೧೯೩೫ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದರು. ೧೯೫೦ರಲ್ಲಿ ಧಾರವಾಡದಲ್ಲಿ ನಿಲಯ ತೆರೆಯಿತು. ಅಲ್ಲಿ ಕೆಂಪು ದೀಪ ಹತ್ತಿದಾಗ ಹಾಡು ಆರಂಭವಾಗಬೇಕು, ಗಡಿಯಾರದ ಮುಳ್ಳು ಗುರುತಿಗೆ ಬರುವಷ್ಟರಲ್ಲಿ ಮುಗಿಯಬೇಕು. ಇತ್ತೀಚೆಗೆ ಮತ್ತೊಂದು ಕಟ್ಟು ಸೇರಿದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳನ್ನು ಬಳಸುವಂತಿಲ್ಲ. ವಿಶೇಷ ಅನುಮತಿಯಿಂದ ಕೆಲವು ದಿನ ನಡುರಾತ್ರಿಯವರೆಗೆ ಸಡಿಲಿಕೆಯುಂಟು. ಗುರುವಿನ ಸ್ಮರಣೆಗಾಗಿ ಭೀಮಸೇನ ಜೋಶಿಯವರು ೧೯೫೩ರಲ್ಲಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವದಂತಹ ಅಹೋರಾತ್ರಿಯ ಸಂಗೀತ ಸಮ್ಮೇಳನಗಳು ಇದರಿಂದ ತಮ್ಮ ವೇಳೆಯನ್ನು ಬದಲಿಸಬೇಕಾಯಿತು. ಹಗಲಿರುಳನ್ನು ಎಂಟು ಪ್ರಹರಗಳಾಗಿ ವಿಂಗಡಿಸಿ ಒಂದೊಂದು ರಾಗಕ್ಕೆ ಒಂದೊಂದು ವೇಳೆಯನ್ನು ಗೊತ್ತುಮಾಡಿದ ಹಿಂದುಸ್ತಾನಿ ಪದ್ಧತಿಯಲ್ಲಿ ನಡುರಾತ್ರಿಯ ಮಾಲಕಂಸಕ್ಕೂ ಬೆಳಗಿನ ಜಾವದ ಲಲಿತಕ್ಕೂ ಬಯಲಸಭೆಯಲ್ಲಿ ತಮ್ಮ ಹೊತ್ತಿನ ಸ್ಥಳ ದೊರೆಯುವುದು ಕಷ್ಟವಾಯಿತು. ಅವು ಉಳಿಯಬೇಕಾದರೆ ಗಾಯಕನ ಮನೆಯ ಸಾಧನೆಯಲ್ಲಿಯೇ ಉಳಿಯಬೇಕು.

ವ್ಯವಸ್ಥೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪುಸ್ತಕದಲ್ಲಿ ಗೆರೆ ಎಳೆದು ಗಂಟೆಗಳನ್ನು ಹಂಚಿದ ಮಾತ್ರಕ್ಕೆ ಮನೆಯ ಜ್ವರ, ರೈಲಿನ ವಿಳಂಬ, ಗಂಟಲಿನ ಶೀತ ಇವು ದೂರವಾಗುವುದಿಲ್ಲ. ಎಲ್ಲ ಗಳಿಗೆಗಳನ್ನೂ ತುಂಬಿಟ್ಟವನ ದಿನ ಒಂದು ಸಣ್ಣ ಪೆಟ್ಟಿಗೇ ಕುಸಿಯುತ್ತದೆ. ವಾರದಲ್ಲಿ ಒಂದು ಸಂಜೆಯಾದರೂ ಪಾಠವಿಲ್ಲದೆ, ಕಛೇರಿಯಿಲ್ಲದೆ ಖಾಲಿ ಇರಬೇಕು. ಅದು ಮನೆಯವರ ಸಂಜೆ. ಸಂಗೀತಗಾರನ ವೃತ್ತಿಗೆ ಮನೆಯವರು ಕೊಡುವ ಬೆಲೆ ಯಾವ ಸಂಭಾವನೆಯ ಚೀಟಿಯಲ್ಲಿಯೂ ನಮೂದಾಗುವುದಿಲ್ಲ. ಅವನ ಊಟವನ್ನು ರಾತ್ರಿ ಹನ್ನೊಂದಕ್ಕೆ ಬಿಸಿಮಾಡುವವಳು, ಅವನಿಲ್ಲದ ಹಬ್ಬವನ್ನು ಮಕ್ಕಳಿಗೆ ಹಬ್ಬವಾಗಿಸುವವಳು ಒಬ್ಬಳಿದ್ದಾಳೆ. ಕಲಾವಿದೆಯಾದರೆ ಆ ಊಟವನ್ನು ಬೇಯಿಸಿಟ್ಟು ಹೊರಡುವವಳೂ ಆಕೆಯೇ. ಬಂದ ಆಹ್ವಾನಗಳಲ್ಲಿ ಕೆಲವನ್ನು ವಿನಯದಿಂದ ಬೇಡವೆನ್ನುವ ಧೈರ್ಯ ಈ ಕಾರಣದಿಂದಲಾದರೂ ಬರಬೇಕು.

ಗಂಗೂಬಾಯಿಯವರ ಬಾಳಿನಲ್ಲಿ ಈ ಎರಡು ಋಣಗಳು ಒಂದೇ ವೇದಿಕೆಯ ಮೇಲೆ ಕೂಡಿಬಂದವು. ಮಗಳು ಕೃಷ್ಣಾ ಅವರು ದಶಕಗಳ ಕಾಲ ತಾಯಿಯ ಜೊತೆಯಲ್ಲಿ ಕುಳಿತು ದನಿಗೂಡಿಸಿದರು; ತಾಯಿ ಉಸಿರು ತೆಗೆದುಕೊಳ್ಳುವ ಕಡೆ ಮಗಳ ಕಂಠ ರಾಗವನ್ನು ಹಿಡಿದು ನಿಲ್ಲುತ್ತಿತ್ತು. ೨೦೦೪ರಲ್ಲಿ ಆ ಮಗಳು ತೀರಿಕೊಂಡರು. ಆಗ ತಾಯಿಗೆ ತೊಂಬತ್ತೊಂದು ವರ್ಷ. ಹಾಡನ್ನು ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ಏನೂ ಎನ್ನುತ್ತಿರಲಿಲ್ಲ. ೨೦೦೬ರಲ್ಲಿ ಅವರು ಮತ್ತೆ ವೇದಿಕೆಯೇರಿ ತಮ್ಮ ಕೊನೆಯ ಕಛೇರಿಯನ್ನು ಹಾಡಿದರು. ೨೦೦೯ರ ಜುಲೈ ೨೧ರಂದು ನಿಧನರಾದರು.

ಕುಂದಗೋಳದ ದಾರಿಯಲ್ಲಿ ರೈಲುಗಳು ಈಗಲೂ ಓಡುತ್ತಿವೆ. ಆ ಹಾದಿಯಲ್ಲಿ ಪ್ರಯಾಣ ಮಾಡುವ ಕಿರಿಯ ಗಾಯಕನೋ ಗಾಯಕಿಯೋ ಚೀಲದಿಂದ ದ��ನಚರಿಯ ಪುಸ್ತಕವನ್ನು ತೆಗೆದು ಮುಂದಿನ ವಾರದ ಪಾಠಗಳನ್ನೂ ಕಛೇರಿಗಳನ್ನೂ ಬರೆಯಲು ಹೊರಟರೆ, ಮೊದಲ ಸಾಲನ್ನು ತಂಬೂರಿಗೆಂದು ಬಿಡಲಿ. ಉಳಿದ ಸಾಲುಗಳನ್ನು ತುಂಬಲು ಲೋಕವೇ ಸಾಲುಗಟ್ಟಿ ನಿಂತಿದೆ.